ಟೇಪಣ್ಣನ ಮಗಳ ಊಟ

ಬಸ್ ನಿಲ್ದಾಣದ ಎದುರು, ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಒತ್ತರಿಸಿಕೊಂಡು ನಿಂತ ಕಿರಿದಾದ ಕೋಣೆಯೊಂದು ಅವನ ಹೊಲಿಗೆ ಅಂಗಡಿ. ಪಕ್ಕದ ಮೆಟ್ಟಿಲು ಹತ್ತಿದರೆ ಮನೆ. ಕೊರಳಲ್ಲಿ ಅಳತೆಯ ಟೇಪಿಲ್ಲದೆ ಅವನನ್ನು ಕಂಡವರು ಕಡಿಮೆ. ಒಮ್ಮೆ ಜ್ವರ ಬಂದು ಆಸ್ಪತ್ರೆಗೆ ಹೋದಾಗಲೂ ಟೇಪು ಕೊರಳಲ್ಲೇ ಉಳಿದಿತ್ತು. ದೂರದಿಂದ ನೋಡಿದ ಹೊಸ ನರ್ಸು ಯಾರೋ ದೊಡ್ಡ ಡಾಕ್ಟರು ಬಂದರೆಂದು ಗಡಬಡಿಸಿ ಕುರ್ಚಿ ಬಿಟ್ಟು ಎದ್ದಳು. ಈ ಕತೆಯನ್ನು ಅವನೇ ಗಿರಾಕಿಗಳಿಗೆಲ್ಲ ಹೇಳಿಕೊಂಡು ನಗುತ್ತಿದ್ದ. ಹಾಗಾಗಿ ಬೀದಿಯಲ್ಲಿ ಅವನಿಗೆ ಟೇಪಣ್ಣ ಎಂಬ ಹೆಸರೇ ನಿಂತುಹೋಯಿತು.

ಮಕ್ಕಳ ಬಟ್ಟೆ ಹೊಲಿಯುವುದರಲ್ಲಿ ಅವನದು ಎತ್ತಿದ ಕೈ. ಶಾಲೆಯ ಪ್ಯಾಂಟು, ಲಂಗ ಯಾವುದೇ ಇರಲಿ, ಅಂಚಿನ ಮಡಿಕೆಯೊಳಗೆ ಧಾರಾಳವಾಗಿ ಬಟ್ಟೆ ಬಿಡುತ್ತಿದ್ದ. “ಮಕ್ಕಳು ನಮ್ಮನ್ನ ಕೇಳ್ಕೊಂಡು ಬೆಳೆಯಲ್ಲಮ್ಮ” ಎಂದು ತಾಯಂದಿರಿಗೆ ಹೇಳುತ್ತಿದ್ದ. ವರ್ಷ ಕಳೆದು ಅವರು ಅದೇ ಬಟ್ಟೆ ತಂದರೆ ಹೊಲಿಗೆ ಬಿಚ್ಚಿ, ಉದ್ದ ಬಿಟ್ಟು, ಇಸ್ತ್ರಿ ಹಾಕಿ ಕೊಡುತ್ತಿದ್ದ.

ಅವನ ಹೆಂಡತಿ ಎರಡು ಬೀದಿ ಆಚೆಗಿನ ಬೇಕರಿಯಲ್ಲಿ ಮಾರಾಟಕ್ಕೆ ನಿಲ್ಲುತ್ತಿದ್ದಳು. ಇಬ್ಬರಿಗೂ ಒಬ್ಬಳೇ ಮಗಳು. ಅಂಬೆಗಾಲಿಡುವಾಗಿನಿಂದ ಅಂಗಡಿಯ ಗುಂಡಿಗಳ ಡಬ್ಬ ಕವುಚಿ ಹಾಕಿಕೊಂಡು ಆಡುವುದೇ ಅವಳ ಕೆಲಸ. ಒಂದು ಬಿಳಿ ಗುಂಡಿ ನುಂಗಿ ಮನೆಮಂದಿಯನ್ನೆಲ್ಲ ಒಂದು ದಿನ ಕಾಯಿಸಿಯೂ ಆಗಿತ್ತು. ಅಂದಿನಿಂದ ಅವಳು ಮನೆಯವರಿಗೆ ಗುಂಡಿ.

ಈ ಮನೆಗೆ ಟೆನಿಸ್ ಹೊಕ್ಕಿದ್ದು ಒಂದು ಹರಿದ ಪಟ್ಟಿಯಿಂದ. ಊರ ಟೆನಿಸ್ ಕ್ಲಬ್ಬಿನಲ್ಲಿ ನೆಟ್ಟಿನ ಮೇಲಂಚಿಗೆ ಹೊಲಿದಿದ್ದ ಬಿಳಿ ಕ್ಯಾನ್‌ವಾಸ್ ಪಟ್ಟಿ ಬಿಸಿಲಿಗೆ ಸುಟ್ಟು ಚಿಂದಿಯಾಗಿತ್ತು. ಹೊಸ ಪಟ್ಟಿ ಹೊಲಿದುಕೊಡಲು ಟೇಪಣ್ಣನಿಗೆ ಕರೆ ಬಂತು. ಶಾಲೆಗೆ ರಜೆ, ತಾಯಿ ಕೆಲಸದಲ್ಲಿ. ಮಗಳನ್ನೂ ಕರೆದುಕೊಂಡು ಹೋದ. ಅವನು ಕೋರ್ಟಿನ ಪಕ್ಕ ಕೂತು ದಪ್ಪ ಸೂಜಿಯಲ್ಲಿ ಹೊಲಿಯುತ್ತಿದ್ದರೆ ಮಗಳು ಚೆಂಡು ಹೆಕ್ಕಿ ಹೆಕ್ಕಿ ಕೋಚ್‌ಗೆ ಎಸೆಯುತ್ತಿದ್ದಳು. ಗಡ್ಡ ನರೆತ ಆ ಕೋಚ್ ಸುಮ್ಮನೆ ಅವಳ ಕೈಗೊಂದು ಚಿಕ್ಕ ರಾಕೆಟ್ ಕೊಟ್ಟರು. ಪಟ್ಟಿ ಹೊಲಿದು ಮುಗಿದರೂ ಮಗಳ ಆಟ ಮುಗಿಯಲಿಲ್ಲ. “ನಾಳೆನೂ ಕಳ್ಸಿ” ಅಂದರು ಕೋಚ್.

ಹದಿಮೂರು ತುಂಬುವ ಹೊತ್ತಿಗೆ ಗುಂಡಿ ತನ್ನ ವಯಸ್ಸಿನವರಲ್ಲಿ ಊರಿಗೇ ಮೊದಲಿಗಳಾಗಿದ್ದಳು. ಬೇರೆ ಊರುಗಳ ಟೂರ್ನಿಗಳಿಗೂ ಹೋಗಿ ಬರುತ್ತಿದ್ದಳು. ಟೇಪಣ್ಣನಿಗೆ ಆಟದ ಲೆಕ್ಕಾಚಾರ ಕೊನೆಗೂ ಪೂರ್ತಿ ತಲೆಗೆ ಹತ್ತಲಿಲ್ಲ. ಚಪ್ಪಾಳೆ ಬಿದ್ದಾಗ ಚಪ್ಪಾಳೆ ತಟ್ಟುತ್ತಿದ್ದ. ಆದರೆ ಮಗಳ ಬಿಳಿ ಸ್ಕರ್ಟನ್ನು ಮಾತ್ರ ಅಂಗಡಿಯಿಂದ ಕೊಳ್ಳಲು ಬಿಡಲಿಲ್ಲ. ತಾನೇ ಕತ್ತರಿಸಿ, ಚೆಂಡಿಡಲು ಒಳಜೇಬು ಇಟ್ಟು ಹೊಲಿಯುತ್ತಿದ್ದ.

ಒಂದು ಸಂಜೆ ಆಟ ಮುಗಿದ ಮೇಲೆ ಕೋಚ್ ಅವನ ಹೆಗಲ ಮೇಲೆ ಕೈಯಿಟ್ಟರು. “ಟೇಪಣ್ಣ, ನಿಮ್ಮ ಮಗಳ ಕೈ ಬಂಗಾರದಂಥದ್ದು. ಕಾಲು ಇನ್ನೂ ಹಗುರಾಗ್ಬೇಕು, ಅಷ್ಟೆ.”

ಟೇಪಣ್ಣ ಆ ಮಾತನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದ. ದಾರಿಯುದ್ದಕ್ಕೂ ಮಗಳನ್ನು ಓರೆಗಣ್ಣಲ್ಲಿ ನೋಡಿದ. ಗುಂಡನೆಯ ಕೆನ್ನೆ, ಗಟ್ಟಿ ತೊಡೆ. ಹಗುರಾಗಬೇಕು ಅಂದರೆ ಇನ್ನೇನು ಅರ್ಥ? ಅಂಗಡಿಯಲ್ಲಿ ಕೂತು ಫೋನು ತೆರೆದ. ತೆಳ್ಳಗಿನ ಆಟಗಾರರು ಗಾಜಿನ ಲೋಟದಲ್ಲಿ ಹಸಿರು ಬಣ್ಣದ ಏನನ್ನೋ ಕುಡಿಯುತ್ತ, ಅನ್ನ ವಿಷ, ಸಕ್ಕರೆ ವಿಷ, ಎಣ್ಣೆ ವಿಷ ಎನ್ನುತ್ತಿದ್ದರು. ಹೇಳಿದವರು ಯಾರು, ಯಾರಿಗೆ ಹೇಳಿದರು ಎಂದು ಅವನು ಕೇಳಲಿಲ್ಲ. ಮರುದಿನದಿಂದಲೇ ಮನೆಯ ಅಡುಗೆ ಬದಲಾಯಿತು.

ಅನ್ನ ಹೋಯಿತು. ಎಣ್ಣೆ ಹೋಯಿತು. ಆಲೂಗಡ್ಡೆಯಂತೂ ಕಳ್ಳನ ಹಾಗೆ ಮನೆ ಬಿಟ್ಟಿತು. ಬೆಂದ ತರಕಾರಿ, ಮೊಟ್ಟೆಯ ಬಿಳಿ ಭಾಗ, ನೀರು ಮೊಸರು ಉಳಿದವು. ಬೇಕರಿಯಿಂದ ಹೆಂಡತಿ ಸಂಜೆಗೆ ತರುತ್ತಿದ್ದ ಬಿಸಿ ಬ್ರೆಡ್ಡಿಗೆ ಬಾಗಿಲಲ್ಲೇ ತಡೆ.

“ನಾನು ದಿನವಿಡೀ ಬ್ರೆಡ್ ಮಾರೋಳು, ನನ್ನ ಮನೆಗೇ ಬ್ರೆಡ್ ಬರೋ ಹಾಗಿಲ್ಲ ಅಂದ್ರೆ!” ಎಂದಳು ಹೆಂಡತಿ.

“ಮಗಳು ತಿನ್ನದ್ದನ್ನ ನಾವು ಹೆಂಗೆ ತಿನ್ನೋದು? ನಾನೂ ಬಿಟ್ಟಿದ್ದೀನಿ ನೋಡು.”

ಅದು ನಿಜ. ಮಗಳಿಗೆ ಹಾಕಿದ ಕಟ್ಟನ್ನು ತನಗೂ ಹಾಕಿಕೊಂಡಿದ್ದ. ಮಧ್ಯಾಹ್ನದ ಹೊತ್ತಿಗೆ ಹಸಿವಿಗೆ ಗಮನ ಎಲ್ಲೋ ಹೋಗುತ್ತಿತ್ತು. ಒಬ್ಬ ಗಿರಾಕಿಯ ಅಂಗಿಗೆ ಒಂದೇ ಕಡೆಯ ಎರಡು ತೋಳು ಹಚ್ಚಿ, ಅದನ್ನು ಬಿಚ್ಚುವಾಗ ತನ್ನ ಹಣೆಬರಹಕ್ಕೆ ತಾನೇ ನಕ್ಕಿದ್ದ. ಹೆಂಡತಿ ಮಾತ್ರ ಬೇಕರಿಯ ಹಿಂಬದಿ ನಿಂತು ಒಂದು ಬನ್ನು ತಿಂದು, ಬಾಯಿ ಒರೆಸಿಕೊಂಡು ಮನೆಗೆ ಬರುತ್ತಿದ್ದಳು.

“ಬೆಳೆಯೋ ಹುಡುಗಿ ರೀ ಅವಳು. ಬೆಳಿಗ್ಗೆ ಓಟ, ಆಮೇಲೆ ಶಾಲೆ, ಸಂಜೆ ಆಟ. ಎಲ್ಲಿಂದ ಬರ್ಬೇಕು ಶಕ್ತಿ?”

“ದೊಡ್ಡವಳಾಗ್ಬೇಕು ಅಂದ್ರೆ ಸ್ವಲ್ಪ ಬಾಯಿ ಕಟ್ಬೇಕು. ನಿಂಗೆ ಗೊತ್ತಾಗಲ್ಲ ಸುಮ್ನಿರು.”

ಮಗಳು ಎದುರಾಡಲಿಲ್ಲ. ಎದುರಾಡಿದ್ದರೆ ಚೆನ್ನಾಗಿತ್ತು. ಅವಳು ಅಪ್ಪನ ಮಾತನ್ನು ಅಪ್ಪನಿಗಿಂತ ಗಟ್ಟಿಯಾಗಿ ಹಿಡಿದಳು. ಅವನು ಒಂದು ಬಟ್ಟಲು ತರಕಾರಿ ಅಂದರೆ ಅವಳು ಅರ್ಧ ಅಂದಳು. ಶಾಲೆಯ ಡಬ್ಬಿ ತುಂಬಿದಂತೆಯೇ ಹಿಂದೆ ಬರತೊಡಗಿತು. “ಗೆಳತಿ ತಿನ್ನಿಸಿದ್ಲು, ಹೊಟ್ಟೆ ತುಂಬಿದೆ” ಅನ್ನುವಳು. ಕ್ಲಬ್ಬಿನಲ್ಲಿ ಬೇರೆ ಮಕ್ಕಳ ತಂದೆಯರು, “ಎಂಥಾ ಹಿಡಿತ ರೀ ನಿಮ್ಮ ಮಗಳಿಗೆ! ನಮ್ಮೋನು ಚಾಕೊಲೇಟ್ ಬಿಡಲ್ಲ” ಎಂದು ಹೊಗಳಿದಾಗ ಟೇಪಣ್ಣನ ಎದೆ ಉಬ್ಬುತ್ತಿತ್ತು. ಮೊದಮೊದಲು ಆಟವೂ ಚೆನ್ನಾಗಿಯೇ ನಡೆಯಿತು. ಎರಡು ಟೂರ್ನಿ ಗೆದ್ದಳು. ಸ್ಕರ್ಟು ಗಿಡ್ಡವಾಯಿತೆಂದು ಅವನು ಉದ್ದ ಬಿಟ್ಟ, ಸಡಿಲಾಯಿತೆಂದು ಸೊಂಟ ಹಿಡಿದು ಕೊಟ್ಟ. ಕೆಲವು ತಿಂಗಳಲ್ಲಿ ಮತ್ತೆ ಸಡಿಲಾಯಿತು, ಮತ್ತೆ ಹಿಡಿದ.

ಆಮೇಲೆ ಒಂದೊಂದೇ ಕಾಣಿಸಿಕೊಂಡಿತು. ಸೆಕೆಯಲ್ಲೂ ಸ್ವೆಟರು ಹಾಕಿಕೊಳ್ಳುವಳು. ಬಸ್ಸಿನಲ್ಲಿ ಕೂತ ಕೂಡಲೇ ನಿದ್ದೆ. ಬಾಚಣಿಗೆ ತುಂಬ ಕೂದಲು. ಸಣ್ಣ ಮಾತಿಗೂ ಸಿಡುಕು, ಸಿಡುಕಿದ ಮೇಲೆ ಅಳು. ಆಟದಲ್ಲಿ ಮೊದಲ ಸೆಟ್ ಗೆಲ್ಲುವಳು, ಮೂರನೆಯದಕ್ಕೆ ಹೋದರೆ ಸೋಲು. ಮೊಣಕಾಲ ಕೆಳಗೆ ಮುಂಭಾಗದ ಮೂಳೆ ನೋಯುತ್ತದೆ ಎಂದಳು. ದಮ್ಮು ಸಾಲುತ್ತಿಲ್ಲ ಎಂದುಕೊಂಡ ಟೇಪಣ್ಣ ಬೆಳಗಿನ ಓಟವನ್ನು ಇನ್ನಷ್ಟು ಉದ್ದ ಮಾಡಿಸಿದ.

ಆ ವರ್ಷದ ದೊಡ್ಡ ಟೂರ್ನಿ ಬೇರೊಂದು ಊರಿನಲ್ಲಿತ್ತು. ಗಂಡ ಹೆಂಡತಿ ಇಬ್ಬರೂ ಹೋಗಿದ್ದರು. ಮಧ್ಯಾಹ್ನದ ಬಿಸಿಲು, ಸಿಮೆಂಟಿನ ಕೋರ್ಟು ಕಾದ ಹಂಚಿನಂತಿತ್ತು. ಗುಂಡಿಯ ಎದುರಾಳಿ ಅಗಲ ಭುಜದ, ನಗುಮುಖದ ಹುಡುಗಿ. ಬದಿ ಬದಲಿಸುವ ವಿರಾಮದಲ್ಲೆಲ್ಲ ಆ ಹುಡುಗಿ ಕುರ್ಚಿಯಲ್ಲಿ ಕೂತು ಚೀಲದಿಂದ ಏನಾದರೂ ತೆಗೆದು ಬಾಯಿಗೆ ಹಾಕಿಕೊಳ್ಳುವಳು. ಒಮ್ಮೆ ಬಾಳೆಹಣ್ಣಿನ ತುಂಡು, ಒಮ್ಮೆ ಜಾಮ್ ಸವರಿದ ಬ್ರೆಡ್ಡಿನ ಚೂರು.

“ಆಡೋಕೆ ಬಂದಿದ್ದಾಳೋ, ಊಟಕ್ಕೆ ಬಂದಿದ್ದಾಳೋ!” ಎಂದು ಟೇಪಣ್ಣ ಹೆಂಡತಿಯ ಕಿವಿಯಲ್ಲಿ ಹೇಳಿ ನಕ್ಕ. ಹೆಂಡತಿ ನಗಲಿಲ್ಲ.

ಮೊದಲ ಸೆಟ್ ಗುಂಡಿಯದು. ಎರಡನೆಯದು ಕೈತಪ್ಪಿತು. ಮೂರನೆಯದರಲ್ಲಿ ಸರ್ವ್ ಮಾಡಲು ಚೆಂಡು ಮೇಲೆಸೆದವಳು ಅದನ್ನು ಹೊಡೆಯಲೇ ಇಲ್ಲ. ಚೆಂಡು ಅವಳ ಹೆಗಲ ಮೇಲೇ ಬಿದ್ದು ಉರುಳಿತು. ಇನ್ನೊಮ್ಮೆ ಎಸೆದಳು. ಕೈ ನಡುಗುವುದು ಬೇಲಿಯಾಚೆ ಕೂತವರಿಗೂ ಕಾಣುತ್ತಿತ್ತು. ಮುಂದಿನ ವಿರಾಮದಲ್ಲಿ ಕುರ್ಚಿಗೆ ಹೋಗಿ ಕೂತಳು. ಅಂಪೈರ್ ಕರೆದರೂ ಏಳಲಿಲ್ಲ. ಏಳಲು ಆಗಲಿಲ್ಲ. ಮೊದಲು ಅವಳ ಬಳಿಗೆ ಓಡಿ ಬಂದದ್ದು ಎದುರಾಳಿ ಹುಡುಗಿ, ಕೈಯಲ್ಲಿ ತನ್ನದೇ ಸಕ್ಕರೆ ನೀರಿನ ಬಾಟಲಿ ಹಿಡಿದುಕೊಂಡು.

ಟೂರ್ನಿಯ ಡಾಕ್ಟರು ಅವಳನ್ನು ನೆರಳಲ್ಲಿ ಮಲಗಿಸಿ, ಕುಡಿಸಿ, ಕಾಲು ಮುಟ್ಟಿ ನೋಡಿದರು. ಊರಿಗೆ ಮರಳಿದ ಮೇಲೆ ತೆಗೆಸಿದ ಎಕ್ಸ್‌ರೇ ಚಿತ್ರದಲ್ಲಿ ಆ ನೋಯುವ ಮೂಳೆಗೆ ಕೂದಲೆಳೆಯಂಥ ಬಿರುಕು ಕಂಡಿತು. ಬಿದ್ದು ಆದದ್ದಲ್ಲ. ಆಸ್ಪತ್ರೆಯವರು ಕಾಲಿಗೆ ಆಸರೆ ಕಟ್ಟಿ, ಕ್ರೀಡಾಪಟುಗಳ ಆಹಾರ ನೋಡಿಕೊಳ್ಳುವ ತಜ್ಞೆಯ ಬಳಿಗೆ ಕಳಿಸಿದರು.

ಆಕೆಯ ಕೋಣೆಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ, ಕಿಟಕಿಯಲ್ಲಿ ಕುಂಡದ ಗಿಡ. ತೂಕದ ಯಂತ್ರ ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡಿತ್ತು. ಆಕೆ ಗುಂಡಿಯನ್ನೇ ಕೇಳಿದರು: ಬೆಳಿಗ್ಗೆ ಏನು ತಿಂದೆ, ಆಟಕ್ಕೆ ಮುಂಚೆ ಏನು, ಆಮೇಲೆ ಏನು. ಗುಂಡಿ ನೆಲ ನೋಡಿಕೊಂಡು ಹೇಳಿದಳು. ಹೇಳಿ ಮುಗಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತಾಯಿ ದನಿ ತಗ್ಗಿಸಿ, ಮಗಳ ಮುಟ್ಟು ನಿಂತು ಬಹಳ ತಿಂಗಳಾಯಿತು, ಆಟದ ಆಯಾಸಕ್ಕೆ ಹಾಗಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಸುಮ್ಮನಿದ್ದೆ ಎಂದಳು.

“ಈ ವಯಸ್ಸಲ್ಲಿ ದೇಹಕ್ಕೆ ಎರಡು ಕೆಲಸ” ಎಂದರು ತಜ್ಞೆ. “ಬೆಳೀಬೇಕು, ಆಟನೂ ಆಡ್ಬೇಕು. ಎರಡಕ್ಕೂ ಊಟ ಬೇಕು. ಸಾಲದೆ ಹೋದ್ರೆ ಅದು ಒಂದೊಂದೇ ಕೆಲಸ ನಿಲ್ಲಿಸುತ್ತೆ. ಮುಟ್ಟು ನಿಲ್ಲಿಸುತ್ತೆ, ಮೂಳೆ ಗಟ್ಟಿ ಮಾಡೋದು ನಿಲ್ಲಿಸುತ್ತೆ. ತೂಕ ಇಳಿಸೋಕೆ ಯಾರು ಹೇಳಿದ್ದು?”

“ಕೋಚು ಹೇಳಿದ್ರು ಮೇಡಂ” ಎಂದ ಟೇಪಣ್ಣ. “ಆದ್ರೆ ಅವಳು ಅಷ್ಟೊಂದು ಇಳಿದಿದ್ದಾಳೆ ಅಂತ ನಮಗೆ ಗೊತ್ತೇ ಆಗಿಲ್ಲ. ದಿನಾ ಕಣ್ಣೆದುರಿಗೇ ಇರೋಳಲ್ವಾ...”

ಹೆಂಡತಿ ಅವನತ್ತ ತಿರುಗಿದಳು. “ಗೊತ್ತಾಗದೆ ಏನು ರೀ? ನೀವೇ ಅಲ್ವಾ ಆ ಸ್ಕರ್ಟಿನ ಉದ್ದ ಬಿಟ್ಟಿದ್ದು, ಸೊಂಟ ಹಿಡಿದಿದ್ದು? ಅದೂ ಎರಡೆರಡು ಸಲ.”

ಬಯ್ದ ದನಿಯಲ್ಲ ಅದು. ಟೇಪಣ್ಣನ ಕೈ ಕೊರಳ ಟೇಪಿಗೆ ಹೋಯಿತು. ಊರ ಮಕ್ಕಳ ಬಟ್ಟೆಗೆಲ್ಲ ಬೆಳೆಯಲು ಜಾಗ ಬಿಟ್ಟುಕೊಟ್ಟವನು, ತನ್ನ ಮಗಳ ಎತ್ತರ ಏರುತ್ತಿರುವಾಗ ಸುತ್ತಳತೆ ಇಳಿಯುವುದನ್ನು ಇದೇ ಕೈಯಲ್ಲಿ ಅಳೆದಿದ್ದ. ಅಳೆದು ಹೆಮ್ಮೆಪಟ್ಟಿದ್ದ. ಕುಂಡದ ಗಿಡವನ್ನು ನೋಡುತ್ತ ಕೂತ.

ಟೇಪಣ್ಣ ಕೋಚ್ ಅವರನ್ನು ಹುಡುಕಿಕೊಂಡು ಹೋದದ್ದು ಅದೇ ಸಂಜೆ. ಜಗಳಕ್ಕೇ ಹೋಗಿದ್ದ. ಕೋಚ್ ಅವನ ಮಾತು ಪೂರ್ತಿ ಕೇಳಿ, ಹಿಡಿದಿದ್ದ ಚೆಂಡಿನ ಬುಟ್ಟಿ ಕೆಳಗಿಟ್ಟರು.

“ನಾನು ಕಾಲು ಅಂದೆ ಟೇಪಣ್ಣ. ಹೆಜ್ಜೆ ಚಿಕ್ಕದಾಗಿ, ಬೇಗ ಬೇಗ ಎತ್ತಿ ಇಡ್ಬೇಕು ಅಂತ. ತೂಕದ ಮಾತು ನಾನು ಎತ್ತೇ ಇಲ್ಲ.” ಬುಟ್ಟಿಯಿಂದ ಒಂದು ಚೆಂಡು ಎತ್ತಿ ತಿರುಗಿಸುತ್ತ ಅವರೇ ಮುಂದುವರಿಸಿದರು: “ಆದ್ರೆ ಅವಳು ಸೊರಗೋದು ನನಗೂ ಕಾಣ್ತಿತ್ತು. ಹುಡುಗಿ ಎಷ್ಟು ಶ್ರಮ ಪಡ್ತಿದ್ದಾಳೆ ಅಂತ ಒಳಗೊಳಗೇ ಖುಷಿಪಟ್ಟೆ. ನನ್ನನ್ನೂ ಬಯ್ಯಿ.”

ಇಬ್ಬರೂ ಬೆಂಚಿನ ಮೇಲೆ ಅಕ್ಕಪಕ್ಕ ಕೂತು, ಬೇರೆ ಮಕ್ಕಳು ಆಡುವುದನ್ನು ಕತ್ತಲಾಗುವವರೆಗೆ ನೋಡಿದರು.

ತಾನು ಹಾಕಿದ ಕಟ್ಟು, ತಾನೇ ಬಿಚ್ಚಿದರಾಯಿತು ಎಂದು ಅವನು ತಿಳಿದಿದ್ದ. ಮರುದಿನ ಅನ್ನ, ಬೇಳೆ, ಮೊಟ್ಟೆ, ಹುರಿದ ಆಲೂಗಡ್ಡೆ ಎಲ್ಲ ಮೇಜಿಗೆ ಬಂತು. ಗುಂಡಿ ತಟ್ಟೆಯನ್ನು ನೋಡಿದಳು. ಆಲೂಗಡ್ಡೆಯ ಒಂದು ತುಂಡನ್ನು ನಾಲ್ಕು ಮಾಡಿದಳು, ನಾಲ್ಕನ್ನು ಎಂಟು ಮಾಡಿದಳು. ಒಂದನ್ನು ಬಾಯಿಗಿಟ್ಟು, ಉಳಿದದ್ದನ್ನು ತಟ್ಟೆಯ ಅಂಚಿಗೆ ತಳ್ಳಿದಳು.

“ತಿನ್ನೇ.”

“ಸಾಕು.”

“ಏನು ಸಾಕು? ತಟ್ಟೆ ಹಾಗೇ ಇದೆ. ತಿನ್ನು ಅಂದೆ!”

ಅವಳು ಎದ್ದುಹೋದಳು. ಜೋರು ಮಾಡಿ ಆಗದಾಗ ಟೇಪಣ್ಣ ಉಪಾಯಕ್ಕಿಳಿದ. ಬೆಂದ ತರಕಾರಿಗೆ ಗುಟ್ಟಾಗಿ ಬೆಣ್ಣೆ ಕಲೆಸಿದ. ಮೊದಲ ತುತ್ತಿಗೇ ಅವಳಿಗೆ ತಿಳಿಯಿತು. ಚಮಚ ಕೆಳಗಿಟ್ಟು ಅತ್ತಳು, ಸಣ್ಣ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ.

“ಅಪ್ಪ, ನೀನೇ ತಾನೆ ಇದೆಲ್ಲ ವಿಷ ಅಂದಿದ್ದು? ಈಗ ನೀನೇ ಕದ್ದು ಹಾಕ್ತೀಯ. ನಾನು ಯಾವ್ದನ್ನ ನಂಬ್ಲಿ?”

ಅವನು ಮೆಟ್ಟಿಲಿಳಿದು ಅಂಗಡಿಗೆ ಹೋಗಿ, ಕಾಲಿಗೆ ಸಿಕ್ಕ ಯಂತ್ರವನ್ನು ಸುಮ್ಮನೆ ತುಳಿಯುತ್ತ ಕೂತ. ಬಟ್ಟೆಯಿಲ್ಲದ ಸೂಜಿ ಟಕಟಕನೆ ಓಡುತ್ತಿತ್ತು.

ಮುಂದಿನ ಭೇಟಿಯಲ್ಲಿ ತಜ್ಞೆಗೆ ಇದನ್ನೂ ಮುಚ್ಚಿಡದೆ ಹೇಳಿದ. ಆಕೆ ಮೊದಲು ಮಗಳೊಬ್ಬಳ ಜೊತೆಯೇ ಮಾತಾಡಿ, ಆಮೇಲೆ ಅವನನ್ನು ಒಳಗೆ ಕರೆದರು. ಮಗಳಿಗೆ ಮನಸ್ಸಿನ ವೈದ್ಯರ ನೆರವೂ ಬೇಕು, ಇದು ಹಟವಲ್ಲ, ಹೆದರಿಕೆ ಎಂದರು. ನಿಧಾನವಾಗಿ ಆಗುವ ಕೆಲಸ ಎಂದರು. ಕೊನೆಗೆ ಕೇಳಿದರು: “ನೀವು ಕೊನೇ ಸಲ ಖುಷಿಯಿಂದ ಊಟ ಮಾಡಿದ್ದು ಯಾವಾಗ?”

ಅವನು ಬೆರಳು ಮಡಿಸಿ ತಿಂಗಳು ಎಣಿಸತೊಡಗಿದ. ಆಕೆಯೇ ಮುಂದುವರಿಸಿದರು.

“ಅವಳ ತಟ್ಟೆ ಕಾಯ್ಬೇಡಿ. ಏನು ಮಾಡಿದ್ದೀರಿ ಅಂತ ಮುಚ್ಚುಮರೆ ಇಲ್ದೆ ಹೇಳಿ, ಬಡಿಸಿ, ನೀವು ನಿಮ್ಮ ಪಾಡಿಗೆ ಊಟ ಮಾಡಿ. ಬೇರೆ ಮಾತಾಡಿ. ಅವಳು ನಿಮ್ಮನ್ನ ನೋಡ್ತಾಳೆ.”

ಅಂದು ಅವನು ನೇರ ಬೇಕರಿಗೆ ಹೋದ. ಕೆಲಸದ ಹೊತ್ತಲ್ಲಿ ಗಂಡ ಬಂದದ್ದು ನೋಡಿ ಹೆಂಡತಿ ಗಾಬರಿಯಾದಳು. “ಒಂದು ಬನ್ ಕೊಡು” ಎಂದ. ಅವಳು ಬಿಸಿಯದನ್ನೇ ಆರಿಸಿ, ಅವನು ಕೇಳದಿದ್ದರೂ ಬೆಣ್ಣೆ ಸವರಿ ಕೊಟ್ಟಳು. ಗಾಜಿನ ಪೆಟ್ಟಿಗೆಗೆ ಒರಗಿ ನಿಂತು ತಿಂದ. ಮೊದಲ ತುತ್ತಿಗೆ ಮುಂಚೆ ಬೆಣ್ಣೆಯನ್ನು ಬೆರಳಿಂದ ಒರೆಸಿಹಾಕಲು ಹೊರಟು, ಕೈ ಹಿಂತೆಗೆದಿದ್ದ. ಮಗಳಿಗೆ ಹೇಳಿ ಹೇಳಿ ತನಗೇ ಹೆದರಿಕೆ ಅಂಟಿತ್ತು ಎಂಬುದು ಅವನಿಗೆ ಆಗ ತಿಳಿಯಿತು. ತಿಂದು ಮುಗಿಸುವವರೆಗೂ ಹೆಂಡತಿ ಅಲ್ಲೇ ನಿಂತಿದ್ದಳು. ಬೇರೆ ಗಿರಾಕಿ ಬಂದರೆ ಅವಳು “ಒಂದು ನಿಮಿಷ” ಎನ್ನುತ್ತಿದ್ದಳು.

ಸಂಜೆ ಮಗಳ ಪಕ್ಕ ಕೂತು, “ನಂದು ತಪ್ಪಾಯ್ತು ಕಣೆ” ಎಂದ. “ಕೋಚು ಹೇಳಿದ್ದೇ ಬೇರೆ, ನಾನು ಕೇಳಿಸ್ಕೊಂಡಿದ್ದೇ ಬೇರೆ. ಗೊತ್ತಿಲ್ದೇ ಇದ್ದದ್ದನ್ನ ಗೊತ್ತಿರೋ ಥರ ಹೇಳ್ಬಿಟ್ಟೆ.”

ಗುಂಡಿ ಕಾಲಿನ ಆಸರೆಯ ಪಟ್ಟಿಯನ್ನು ಬಿಗಿ ಮಾಡಿಕೊಂಡಳು. ಆಮೇಲೆ, “ನಿನ್ನಿಂದ ಮಾತ್ರ ಅಲ್ಲ” ಎಂದಳು. “ಕ್ಲಬ್ಬಲ್ಲಿ ಒಂದಿನ ನೀನು ಗುಂಡೀ ಅಂತ ಕೂಗಿದ್ಯಲ್ಲ, ಅವತ್ತಿಂದ ಎಲ್ರೂ ನಗ್ತಿದ್ರು. ಗುಂಡಿ ಅಂದ್ರೆ ಗುಂಡಗಿರೋಳು ಅಂತ.”

ಅಂಗಿಯ ಗುಂಡಿ ಬಿಟ್ಟು ಆ ಹೆಸರಿಗೆ ಬೇರೆ ಅರ್ಥವಿದೆ ಎಂದು ಅವನಿಗೆ ಹೊಳೆದೇ ಇರಲಿಲ್ಲ. “ಇನ್ಮೇಲೆ ಹಾಗೆ ಕರೆಯಲ್ಲ ಬಿಡು.”

ಅವಳು ಯೋಚಿಸಿದಳು. “ಮನೇಲಿ ಕರಿ. ಅಲ್ಲಿ ಬೇಡ.”

ಗುಣವಾಗುವುದು ಸರಾಗವಾಗಿ ನಡೆಯಲಿಲ್ಲ. ಒಂದು ವಾರ ಚೆನ್ನಾಗಿ ತಿಂದರೆ ಮುಂದಿನ ವಾರ ಮತ್ತೆ ತುಂಡು ಮಾಡುವುದು, ತಳ್ಳುವುದು. ಟೇಪಣ್ಣ ಕಣ್ಣು ಬೇರೆಡೆ ತಿರುಗಿಸಿ ಊಟ ಮಾಡಲು ಕಲಿತ. ಅದು ಗುಂಡಿ ತೂರಿಸುವ ಕಾಜಾ ಹೊಲಿಯುವುದಕ್ಕಿಂತ ಕಷ್ಟದ ಕೆಲಸ ಎಂದು ಹೆಂಡತಿಗೆ ಹೇಳುತ್ತಿದ್ದ. ಊಟದ ಹೊತ್ತಿಗೆಂದೇ ಅಂಗಡಿಯ ಕತೆಗಳನ್ನು ಕೂಡಿಟ್ಟುಕೊಂಡು ಬರುವನು. ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಟ್ಟು, ಹೊಸ ಪ್ಯಾಂಟು ಏರುತ್ತಿಲ್ಲವೆಂದು ಜಗಳಕ್ಕೆ ಬಂದ ಬ್ಯಾಂಕಿನವರ ಕತೆಗೆ ಮಗಳು ನಕ್ಕು, ನಗುತ್ತಲೇ ಇನ್ನೊಂದು ಚಮಚ ಅನ್ನ ಹಾಕಿಸಿಕೊಂಡಳು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡದಂತೆ ಜಾಗ್ರತೆ ವಹಿಸಿದರು. ಕಾಲಿಗೆ ವಿಶ್ರಾಂತಿಯಿದ್ದ ಆ ತಿಂಗಳುಗಳಲ್ಲಿ ಅವಳು ಅಂಗಡಿಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹಚ್ಚಿಕೊಟ್ಟಳು. ಮುಟ್ಟು ಮರಳಿ ಬಂದಾಗ ತಾಯಿ ಬೇಕರಿಯಿಂದ ರಜೆ ಹಾಕಿ ಮನೆಯಲ್ಲೇ ಉಳಿದಳು. ಏನಾಯಿತೆಂದು ಟೇಪಣ್ಣ ಕೇಳಲಿಲ್ಲ. ಅವಳು ಅಡುಗೆ ಮಾಡುತ್ತ ಗುನುಗುವುದು ಕೇಳಿ ತಿಳಿದುಕೊಂಡ. ಹಳೆಯ ಸ್ಕರ್ಟನ್ನು ಅವನು ಬಿಚ್ಚಲು ಹೋಗಲಿಲ್ಲ. ಹೊಸ ಬಟ್ಟೆ ತಂದು ಹೊಸದೇ ಹೊಲಿದ. ಅಳತೆಯನ್ನು ತಾಯಿ ತೆಗೆದಳು.

ಮುಂದಿನ ವರ್ಷ ಅವಳು ಮತ್ತೆ ಟೂರ್ನಿಗೆ ಇಳಿದಳು. ಆಟಕ್ಕೆ ಸಾಕಷ್ಟು ಮುಂಚೆ ಅನ್ನ, ಮೊಟ್ಟೆ ತಿಂದಳು. ಚೀಲದಲ್ಲಿ ಬಾಳೆಹಣ್ಣು, ಬ್ರೆಡ್ಡು ಇತ್ತು. ವಿರಾಮದಲ್ಲಿ ಮೊದಲ ಸಲ ಹಣ್ಣು ತೆಗೆದಾಗ ಸುತ್ತ ಒಮ್ಮೆ ನೋಡಿದಳು, ಯಾರಾದರೂ ನಗುತ್ತಾರೇನೋ ಎಂಬಂತೆ. ಯಾರೂ ನಗಲಿಲ್ಲ. ಆಟ ಮೂರನೆಯ ಸೆಟ್‌ಗೆ ಹೋಯಿತು. ಕೊನೆಯವರೆಗೂ ಓಡಿದಳು, ಕೊನೆಯ ಚೆಂಡಿಗೂ ಹಾರಿದಳು. ಸೋತಳು.

ಊರಿಗೆ ಮರಳುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮುಖ ಊದಿಸಿಕೊಂಡಿದ್ದವಳು ತುಸು ಹೊತ್ತಿನ ಮೇಲೆ ಅಪ್ಪನ ತೋಳು ಜಗ್ಗಿದಳು.

“ಅಪ್ಪ, ಇಳಿಯೋಣ. ಹೊಟ್ಟೆ ತಾಳ ಹಾಕ್ತಿದೆ.”

“ಇಲ್ಲೇ?”

“ಇಲ್ಲೇ. ಊರು ಸೇರೋವರೆಗೂ ತಡೆಯೋಕಾಗಲ್ಲ.”

ಗುರುತು ಪರಿಚಯವಿಲ್ಲದ ನಿಲ್ದಾಣದಲ್ಲಿ ಇಳಿದು ಎದುರಿಗೆ ಕಂಡ ಹೋಟೆಲಿಗೆ ನುಗ್ಗಿದರು. ಅವಳೇ ಮಾಣಿಯನ್ನು ಕರೆದು ಬೇಕಾದ್ದು ಹೇಳಿದಳು. ಅವಳು ತಿನ್ನುವಷ್ಟು ಹೊತ್ತೂ ಟೇಪಣ್ಣ ಅಭ್ಯಾಸದಂತೆ ಬೀದಿಯತ್ತ ಮುಖಮಾಡಿ ಕೂತಿದ್ದ. ಬೀದಿಯಲ್ಲಿ ಹೋಗುವವರು ಅವನಿಗೆ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ, ಕಣ್ಣು ಒರೆಸಿಕೊಳ್ಳಬೇಕಾಯಿತು.

ಗುಂಡಿ ದೊಡ್ಡ ಹೆಸರಿನ ಆಟಗಾರ್ತಿ ಆಗಲಿಲ್ಲ. ಕಾಲೇಜಿನ ತಂಡಕ್ಕೆ ಆಡಿದಳು, ಕೆಲವು ಕಪ್‌ಗಳನ್ನು ಗೆದ್ದಳು. ಈಗ ಅದೇ ಕ್ಲಬ್ಬಿನಲ್ಲಿ, ನಡು ಬಗ್ಗಿದ ಹಳೆಯ ಕೋಚ್‌ನ ಜೊತೆ ಚಿಕ್ಕ ಮಕ್ಕಳಿಗೆ ಕಲಿಸುತ್ತಾಳೆ. ಒತ್ತಡ ಹೆಚ್ಚಾದ ದಿನಗಳಲ್ಲಿ ತಟ್ಟೆಯ ಮುಂದೆ ಅವಳ ಕೈ ಈಗಲೂ ಒಮ್ಮೊಮ್ಮೆ ತಡೆಯುತ್ತದೆ. ಅದನ್ನು ಅವಳು ಮುಚ್ಚಿಡುವುದಿಲ್ಲ, ಬಾಯಿಬಿಟ್ಟು ಹೇಳುತ್ತಾಳೆ. ಪಾಠದ ನಡುವೆ ಮಕ್ಕಳಿಗೆ ತಿನ್ನಲು ಬಿಡುವು ಕೊಡುತ್ತಾಳೆ. ಯಾರ ಡಬ್ಬಿಯಲ್ಲಿ ಏನಿದೆ ಎಂದು ಯಾರೂ ಟೀಕೆ ಮಾಡುವಂತಿಲ್ಲ ಎಂಬುದೊಂದೇ ಅವಳ ಕಟ್ಟುನಿಟ್ಟು. ಟೇಪಣ್ಣ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಮೇಲೆ ಹೋಗಿ, ಮೂವರಿಗೂ ಅಡುಗೆ ಮಾಡುತ್ತಾನೆ. ಉಪ್ಪು ಹಾಕುವುದರಲ್ಲಿ ಮಾತ್ರ ಅವನ ಅಳತೆ ಇನ್ನೂ ಸರಿಹೋಗಿಲ್ಲ. ಹೆಂಡತಿಯೂ ಮಗಳೂ ಅದಕ್ಕಾಗಿ ದಿನವೂ ಅವನನ್ನು ಗೋಳು ಹೊಯ್ದುಕೊಳ್ಳುತ್ತಾರೆ.